ವೇರಿಂಗ್, ಜೂಲಿಯಸ್ ವೇಟೀಸ್
1880–1968. ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಧೀಶ. ಜನನ ದಕ್ಷಿಣ ಕ್ಯಾರೊಲೈನದ ಚಾರ್ಲ್‌ಸ್ಟನ್ನಿನ ಹಳೆಯ ಮನೆತನವೊಂದರಲ್ಲಿ. 1902ರಿಂದ ವಕೀಲಿ ವೃತ್ತಿ. ಆಮೇಲೆ ನಗರಾಡಳಿತದ ಕಾನೂನು ಸಲಹೆಗಾರ. ವರ್ಣಭೇದದ ಕಟ್ಟಾ ಬೆಂಬಲಿಗನಾಗಿದ್ದ ಸೆನೆಟರ್ ಎಲಿಸನ್ ಸ್ಮಿತ್‌ನ ಚುನಾವಣೆಗೂ ದುಡಿದಿದ್ದ. ಅಧ್ಯಕ್ಷ ರೂಸ್‌ವೆಲ್ಟ್ ಈತನನ್ನು ನಾಮಕರಣ ಮಾಡಿದ ಮೇಲೆ 1942ರಲ್ಲಿ ನ್ಯಾಯಪೀಠವೇರಿದ.

ಇಂಥ ಹಿನ್ನೆಲೆಯವನು ಕರಿಯರ ಹಕ್ಕುಗಳ ಪರ ನಿಂತದ್ದೇಕೆ ಎಂಬ ಬಗ್ಗೆ ಒಮ್ಮತವಿಲ್ಲ. ಮೂವತ್ತೆರಡು ವರ್ಷದ ದಾಂಪತ್ಯ ಮುರಿದು 1945ರಲ್ಲಿ ಉತ್ತರದವಳೂ ವಿಚ್ಛೇದಿತೆಯೂ ಆದ ಎಲಿಜಬೆತ್‌ಳನ್ನು ಮದುವೆಯಾದದ್ದೇ ಕಾರಣವೆಂದು ಊರಿನ ಬಿಳಿಯರು ಆಡಿಕೊಂಡರು. ತೀರ್ಪುಗಳ ತಾರೀಖು ನೋಡಿದರೆ ಈ ಮಾತು ಪೂರ್ತಿ ನಿಲ್ಲದು: ಕರಿಯ ಶಿಕ್ಷಕರಿಗೆ ಸಮಾನ ಸಂಬಳ ಕೇಳಿದ ಚಾರ್ಲ್‌ಸ್ಟನ್ನಿನ ದಾವೆ ಅವರ ಪರವಾಗಿ ಇತ್ಯರ್ಥವಾದದ್ದು 1944ರಲ್ಲೇ.

ಇನ್ನೊಂದು ವಿವರಣೆ ಐಸಾಕ್ ವುಡರ್ಡ್ ಪ್ರಕರಣದ್ದು. 1946ರ ಫೆಬ್ರವರಿಯಲ್ಲಿ ಸೇನೆಯಿಂದ ಬಿಡುಗಡೆಯಾಗಿ, ಸಮವಸ್ತ್ರದಲ್ಲೇ ಊರಿಗೆ ಬಸ್ಸು ಹಿಡಿದಿದ್ದ ಈ ಕರಿಯ ಸೈನಿಕನಿಗೂ ಬಸ್ ಚಾಲಕನಿಗೂ ಮಾತಿಗೆ ಮಾತು ಬೆಳೆಯಿತು. ದಾರಿಯಲ್ಲಿ ಪೊಲೀಸರು ಅವನನ್ನು ಹೊಡೆದು ಎರಡೂ ಕಣ್ಣು ಕಳೆದರು. ಮೊದಲ ವರದಿಗಳು ಊರನ್ನು ಐಕೆನ್ ಎಂದು ತಪ್ಪಾಗಿ ಹೇಳಿದವು. ಇದು ನಡೆದದ್ದು ಬೇಟ್ಸ್‌ಬರ್ಗ್‌ನಲ್ಲಿ. ಆರೋಪಿ ಅಲ್ಲಿನ ಪೊಲೀಸ್ ಮುಖ್ಯಸ್ಥ. ನವೆಂಬರಿನಲ್ಲಿ ವೇರಿಂಗ್‌ನ ಮುಂದೆಯೇ ವಿಚಾರಣೆ ನಡೆದು, ಬಿಳಿಯರೇ ತುಂಬಿದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಅವನನ್ನು ಖುಲಾಸೆ ಮಾಡಿತು. ಸರ್ಕಾರಿ ವಕೀಲರು ವಾದವನ್ನು ಕಾಟಾಚಾರಕ್ಕೆ ನಡೆಸಿದರೆಂಬ ಸಿಟ್ಟು ವೇರಿಂಗ್‌ಗೆ ಕೊನೆಯವರೆಗೂ ಇತ್ತು. ರಿಚರ್ಡ್ ಗರ್ಗೆಲ್‌ನ 2019ರ ಗ್ರಂಥ ಈ ಪ್ರಕರಣವನ್ನೇ ತಿರುವಾಗಿ ಕಾಣುತ್ತದೆ. 1944ರ ಹೆಜ್ಜೆ ಚಿಕ್ಕದು, 1946ರ ನಂತರದವು ದೊಡ್ಡವು ಎಂಬುದಂತೂ ನಿಜ. ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಿಂದ ಕರಿಯರನ್ನು ಹೊರಗಿಟ್ಟದ್ದು ಸಂವಿಧಾನಬಾಹಿರವೆಂಬ ತೀರ್ಪು 1947ರದು.

ಮುಂದಿನದು ಕ್ಲಾರೆಂಡನ್ ಕೌಂಟಿಯ ಬ್ರಿಗ್ಸ್ ದಾವೆ. ಅಲ್ಲಿ ಬಿಳಿಯ ಮಕ್ಕಳಿಗೆ ಶಾಲಾ ಬಸ್ಸುಗಳಿದ್ದವು, ಕರಿಯ ಮಕ್ಕಳಿಗೆ ಒಂದೂ ಇರಲಿಲ್ಲ. ಪೋಷಕರು ಮೊದಲು ಕೇಳಿದ್ದು ಒಂದು ಬಸ್ಸನ್ನಷ್ಟೆ. ಸಮಾನ ಸೌಲಭ್ಯ ಕೇಳುತ್ತಿದ್ದ ದಾವೆಯನ್ನು ಪ್ರತ್ಯೇಕ ಶಾಲಾ ಪದ್ಧತಿಯನ್ನೇ ಪ್ರಶ್ನಿಸುವಂತೆ ಮರುಹೂಡಲು ವಕೀಲ ಥರ್ಗುಡ್ ಮಾರ್ಷಲ್‌ಗೆ ವೇರಿಂಗ್ ಸೂಚಿಸಿದ. ನ್ಯಾಯಾಧೀಶನೇ ಹೀಗೆ ಕಕ್ಷಿದಾರರಿಗೆ ದಾರಿ ತೋರಿದ್ದು ಔಚಿತ್ಯದ ಪ್ರಶ್ನೆಯನ್ನು ಎತ್ತುತ್ತದೆ. 1951ರಲ್ಲಿ ಮೂವರ ಪೀಠದಲ್ಲಿ ಈತ ಒಂಟಿಯಾದ. ಪ್ರತ್ಯೇಕತೆಯೇ ಅಸಮಾನತೆ ಎಂಬ ಈತನ ಭಿನ್ನ ತೀರ್ಪಿನ ನಿಲುವನ್ನೇ 1954ರ ಬ್ರೌನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಳೆಯಿತು.

ಅಷ್ಟರಲ್ಲಿ ಮನೆಯ ಮೇಲೆ ಕಲ್ಲು ಬಿದ್ದಿತ್ತು, ಮನೆ ಬಳಿ ಶಿಲುಬೆ ಸುಟ್ಟಿದ್ದರು, ನೆಂಟರಿಷ್ಟರು ದೂರವಾಗಿದ್ದರು. 1952ರಲ್ಲಿ ನಿವೃತ್ತನಾಗಿ ನ್ಯೂಯಾರ್ಕ್ ಸೇರಿದ. ಸತ್ತದ್ದೂ ಅಲ್ಲೇ, ಮಣ್ಣಾದದ್ದು ಚಾರ್ಲ್‌ಸ್ಟನ್ನಿನಲ್ಲಿ. ಅಲ್ಲಿನ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆ ಮಾಜಿ ಸೆನೆಟರ್ ಅರ್ನೆಸ್ಟ್ ಹಾಲಿಂಗ್ಸ್‌ನ ಹೆಸರಿತ್ತು. ತನ್ನ ಹೆಸರು ತೆಗೆದು ವೇರಿಂಗ್‌ನದನ್ನು ಇಡಬೇಕೆಂದು ಹಾಲಿಂಗ್ಸ್ ತಾನೇ ಕೋರಿದ. 2015ರಲ್ಲಿ ಹಾಗೆಯೇ ಆಯಿತು.