ಪೆಟ್ಟಿಗೆಯೊಳಗಿನ ಪಾಠಾಂತರಗಳು

ಸಿನಿಮಾ ಬಹುಕಾಲ ನೋಡಿ ಬರುವ ವಸ್ತುವಾಗಿತ್ತು, ಇಟ್ಟುಕೊಳ್ಳುವ ವಸ್ತುವಾಗಿರಲಿಲ್ಲ. ಪುಸ್ತಕವನ್ನು ಕೊಂಡು ಕಪಾಟಿನಲ್ಲಿಡಬಹುದಿತ್ತು, ಹಾಡಿನ ತಟ್ಟೆಗಳನ್ನು ಗ್ರಾಮಫೋನಿನ ಪಕ್ಕದಲ್ಲಿ ಜೋಡಿಸಬಹುದಿತ್ತು. ಆದರೆ ಚಿತ್ರವೊಂದು ಟಾಕೀಸಿನಿಂದ ಎತ್ತಂಗಡಿಯಾದ ಮೇಲೆ ಪ್ರೇಕ್ಷಕನ ಪಾಲಿಗೆ ಉಳಿಯುತ್ತಿದ್ದುದು ನೆನಪು ಮತ್ತು ಹಾಡಿನ ಪುಸ್ತಕ ಮಾತ್ರ. ಚಲನಚಿತ್ರದ ಮಾಲೀಕತನ ನಿರ್ಮಾಪಕನದು, ವಿತರಕನದು. ನೋಡುಗನದು ಟಿಕೆಟ್ಟಿನ ಅರ್ಧ ಚೂರು.

ಈ ಲೆಕ್ಕ ತಪ್ಪಿದ್ದು 1977ರಲ್ಲಿ. ಅಮೆರಿಕದ ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್ ಎಂಬಲ್ಲಿ ಆಂಡ್ರೆ ಬ್ಲೇ ಎಂಬಾತ ಮ್ಯಾಗ್ನೆಟಿಕ್ ವಿಡಿಯೋ ಎಂಬ ಕಂಪನಿ ನಡೆಸುತ್ತಿದ್ದ. ಆತ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯಿಂದ ಐವತ್ತು ಹಳೆಯ ಚಿತ್ರಗಳ ಹಕ್ಕು ಪಡೆದು ಅವನ್ನು ವಿಡಿಯೋ ಕ್ಯಾಸೆಟ್ಟಿನಲ್ಲಿ ಮಾರಾಟಕ್ಕಿಟ್ಟ. ಬೆಲೆ 49.95 ಡಾಲರ್. ಅದೇ ವರ್ಷದ ಕೊನೆಗೆ ಲಾಸ್ ಏಂಜಲಿಸ್‌ನಲ್ಲಿ ಜಾರ್ಜ್ ಅಟ್ಕಿನ್ಸನ್ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ತೆರೆದ. ಅದೇ ವರ್ಷ ಮೇ 25ರಂದು ಅದೇ ಫಾಕ್ಸ್ ಸಂಸ್ಥೆ ಮೂವತ್ತೆರಡು ಚಿತ್ರಮಂದಿರಗಳಲ್ಲಿ ಅಷ್ಟೇನೂ ಭರವಸೆಯಿಲ್ಲದೆ ಒಂದು ಚಿತ್ರ ಬಿಡುಗಡೆ ಮಾಡಿತು. ಅದೇ ಜಾರ್ಜ್ ಲ್ಯೂಕಾಸ್ ನಿರ್ದೇಶನದ ‘ಸ್ಟಾರ್ ವಾರ್ಸ್’. ಮನೆಯಲ್ಲಿ ಸಿನಿಮಾ ಇಟ್ಟುಕೊಳ್ಳುವ ಸಾಧನ, ಹಾಗೆ ಇಟ್ಟುಕೊಳ್ಳಬೇಕೆಂಬ ಹಂಬಲ ಹುಟ್ಟಿಸುವ ಸಿನಿಮಾ, ಎರಡೂ ಒಂದೇ ವರ್ಷ ಹುಟ್ಟಿದವು. ಕಾಕತಾಳೀಯವೇ ಸರಿ, ಆದರೆ ಮುಂದಿನ ಕಥೆಯೆಲ್ಲ ಈ ಅವಳಿಗಳದ್ದು.

ಮೊದಲಿಗೆ ಕ್ಯಾಸೆಟ್ ಕೊಳ್ಳುವವರು ವಿರಳ. ಎಂಬತ್ತು ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ ಬಾಡಿಗೆ ಅಂಗಡಿಯವನಿಗೆ ಮಾತ್ರ ಗಿಟ್ಟುತ್ತಿತ್ತು. ನಮ್ಮ ಊರುಗಳಲ್ಲೂ ಎಂಬತ್ತರ ದಶಕದಲ್ಲಿ ನಡೆದದ್ದು ಬಾಡಿಗೆಯ ವ್ಯವಹಾರವೇ: ಒಂದು ರಾತ್ರಿಗೆ ವಿಸಿಆರ್ ತರಿಸಿ, ಬೀದಿಯವರೆಲ್ಲ ಸೇರಿ, ಬೆಳಗಾಗುವುದರೊಳಗೆ ಮೂರು ಚಿತ್ರ ಮುಗಿಸುವುದು. ಅಮೆರಿಕದಲ್ಲಿ ಈ ಕಟ್ಟು ಮುರಿಯಲು ನೆರವಾದದ್ದೂ ಒಂದು ವೈಜ್ಞಾನಿಕ ಕಥಾಸರಣಿಯೇ. 1982ರ ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಿತ್ರ ‘ದಿ ರಾತ್ ಆಫ್ ಖಾನ್’ ಕ್ಯಾಸೆಟ್ಟಿಗೆ ಪ್ಯಾರಮೌಂಟ್ ಸಂಸ್ಥೆ 39.95 ಡಾಲರ್ ಬೆಲೆಯಿಟ್ಟಿತು, ಅಂದರೆ ವಾಡಿಕೆಯ ದರದ ಅರ್ಧ. ಈ ಬಗೆಯ ಚಿತ್ರಗಳ ಅಭಿಮಾನಿ ಬಾಡಿಗೆಗೆ ತಂದು ಹಿಂತಿರುಗಿಸುವವನಲ್ಲ, ಕೊಂಡು ಇಟ್ಟುಕೊಳ್ಳುವವನು ಎಂಬ ಎಣಿಕೆ ಅದು. ಎಣಿಕೆ ಸುಳ್ಳಾಗಲಿಲ್ಲ. ನಿಗೂಢವಾದ ಗ್ರಹ, ಯಂತ್ರ, ಭಾಷೆ, ವಂಶಾವಳಿಗಳಿಂದ ತುಂಬಿದ ಕಥೆಯನ್ನು ಒಮ್ಮೆ ನೋಡಿದರೆ ಸಾಲದು. ನಿಲ್ಲಿಸಿ, ಹಿಂದೆ ತಿರುಗಿಸಿ, ಮತ್ತೆ ನೋಡಬೇಕು. ಸರಣಿಯೆಂದಮೇಲೆ ಒಂದನೆಯದಿದ್ದು ಮೂರನೆಯದಿಲ್ಲದಿದ್ದರೆ ಕಪಾಟು ಬೋಳು ಕಾಣುತ್ತದೆ. ಹೀಗೆ ಬಿಡಿ ಕ್ಯಾಸೆಟ್ಟು ಕಟ್ಟಾಯಿತು, ಕಟ್ಟು ಅಲಂಕಾರದ ಪೆಟ್ಟಿಗೆಯಾಯಿತು.

ಪೆಟ್ಟಿಗೆಗಳ ಆಡಂಬರದ ಬಗ್ಗೆ ಹೇಳಹೊರಟರೆ ಮುಗಿಯದು. 2003ರಲ್ಲಿ ಬಂದ ‘ಏಲಿಯನ್’ ಸರಣಿಯ ಪೆಟ್ಟಿಗೆಯಲ್ಲಿ ನಾಲ್ಕು ಚಿತ್ರಗಳಿಗೆ ಒಂಬತ್ತು ಡಿವಿಡಿಗಳಿದ್ದವು. 2006ರಲ್ಲಿ ‘ಪ್ಲಾನೆಟ್ ಆಫ್ ದಿ ಏಪ್ಸ್’ ಸಂಗ್ರಹವನ್ನು ಒಂದು ವಾನರನ ತಲೆಯೊಳಗೆ ತುಂಬಿ ಮಾರಿದರು. ಅದನ್ನು ಹಜಾರದಲ್ಲಿಟ್ಟುಕೊಂಡ ಮನೆಗಳಲ್ಲಿ ಉಳಿದವರು ಏನೆಂದರೋ! ಆದರೆ ಸಂಗ್ರಾಹಕನನ್ನು ಬರಿಯ ಆಟಿಕೆಪ್ರಿಯನೆಂದು ನಕ್ಕು ಮುಂದೆ ಹೋಗುವಂತಿಲ್ಲ. ಪೆಟ್ಟಿಗೆಯ ಒಳಗೆ ಇರುವುದು ಯಾವ ಪಾಠ ಎಂಬ ಪ್ರಶ್ನೆ ಅವನನ್ನು ಮೊದಲಿನಿಂದಲೂ ಕಾಡಿದೆ.

ಪಾಠ ಎಂಬ ಮಾತನ್ನು ಇಲ್ಲಿ ಗ್ರಂಥಸಂಪಾದನೆಯ ಅರ್ಥದಲ್ಲೇ ತೆಗೆದುಕೊಳ್ಳಬೇಕು. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಓಲೆಯ ಪ್ರತಿಗಳನ್ನು ಎದುರುಬದುರಿಟ್ಟು, ಅವಕ್ಕೆ ಕ, ಖ, ಗ ಎಂದು ಗುರುತಿಟ್ಟು, ಎಲ್ಲಿ ಅಕ್ಷರ ಬೇರೆಯೋ ಅದನ್ನು ಅಡಿಯಲ್ಲಿ ಪಾಠಾಂತರವೆಂದು ಕೊಡುತ್ತಿದ್ದರು. ವಿಡಿಯೋ ಸಂಗ್ರಾಹಕರು ಮಾಡಿದ್ದೂ ಇದನ್ನೇ. ಅವರ ಬಳಿಯಿದ್ದ ಓಲೆಗರಿಗಳು ಮಾತ್ರ ಪ್ಲಾಸ್ಟಿಕ್ಕಿನವು.

‘ಸ್ಟಾರ್ ವಾರ್ಸ್’ 1982ರಲ್ಲಿ ಕ್ಯಾಸೆಟ್ಟಿಗೆ ಬಂದಾಗಲೇ ಪಾಠ ಕೆಟ್ಟಿತ್ತು. ಚಿತ್ರದ ಚೌಕಟ್ಟಿನ ಅಗಲ ಎತ್ತರದ ಎರಡೂಕಾಲು ಪಟ್ಟಿಗೂ ಹೆಚ್ಚು. ಅಂದಿನ ಟೀವಿ ಪರದೆಯ ಅಗಲ ಎತ್ತರದ ಒಂದೂಮೂರರಲ್ಲೊಂದು ಪಟ್ಟು. ಪರದೆ ತುಂಬಬೇಕೆಂದು ಎರಡೂ ಬದಿ ಕತ್ತರಿಸಿದರೆ ಚಿತ್ರದ ಶೇ. 40ಕ್ಕೂ ಮೀರಿದ ಭಾಗ ಹೊರಗುಳಿಯುತ್ತದೆ. ಇಬ್ಬರು ಎದುರುಬದುರು ನಿಂತು ಮಾತಾಡುವ ದೃಶ್ಯದಲ್ಲಿ ಒಬ್ಬನ ಮೂಗು ಮಾತ್ರ ಕಾಣುವುದು ಇದರಿಂದಲೇ. ಆ ವರ್ಷದ ಲೇಸರ್ ಡಿಸ್ಕಿನಲ್ಲಿ ಇನ್ನೊಂದು ವಿಪರೀತ. ತಟ್ಟೆಯ ಒಂದು ಮಗ್ಗುಲಿಗೆ ಒಂದು ಗಂಟೆಯ ಚಿತ್ರ ಹಿಡಿಯುತ್ತಿತ್ತು, ಎರಡು ಮಗ್ಗುಲಿಗೆ ಎರಡು ಗಂಟೆ. ಚಿತ್ರವೋ 121 ನಿಮಿಷ. ಇನ್ನೊಂದು ತಟ್ಟೆಯ ಖರ್ಚು ಉಳಿಸಲು ಇಡೀ ಚಿತ್ರವನ್ನೇ ತುಸು ವೇಗವಾಗಿ ಓಡಿಸಿ ಒಂದರಲ್ಲೇ ತುರುಕಿದರು.

ಇದಕ್ಕಿಂತ ಮೊದಲೇ ಇನ್ನೊಂದು ತಿದ್ದುಪಡಿ ನುಸುಳಿತ್ತು. 1977ರಲ್ಲಿ ಚಿತ್ರ ಆರಂಭವಾದಾಗ ಪರದೆಯ ಮೇಲೆ ಹೆಸರು ಬಂದು, ನೇರವಾಗಿ ಕಥೆಯ ಪೀಠಿಕೆ ಮೇಲೇರಿ ಹೋಗುತ್ತಿತ್ತು. 1981ರಲ್ಲಿ ಮರುಬಿಡುಗಡೆಯಾದಾಗ ಆ ಪೀಠಿಕೆಯ ನೆತ್ತಿಗೆ ‘ನಾಲ್ಕನೆಯ ಅಧ್ಯಾಯ’ ಎಂಬ ಸಾಲೂ ‘ಎ ನ್ಯೂ ಹೋಪ್’ ಎಂಬ ಉಪಶೀರ್ಷಿಕೆಯೂ ಸೇರಿದವು. ಹಾಗಾಗಿ ಮನೆಗೆ ಬಂದ ಮೊದಲ ಕ್ಯಾಸೆಟ್ಟಿನಲ್ಲೇ 1977ರ ಪ್ರೇಕ್ಷಕ ಕಂಡ ಆರಂಭ ಇರಲಿಲ್ಲ.

ಸಂಗ್ರಾಹಕರ ಕಣ್ಣಿಗೆ ಹಬ್ಬವಾದದ್ದು 1993ರ ಲೇಸರ್ ಡಿಸ್ಕ್ ಪೆಟ್ಟಿಗೆ. ಹಾಡಿನ ಎಲ್‌ಪಿ ತಟ್ಟೆಯಷ್ಟೇ ಅಗಲದ ಒಂಬತ್ತು ಡಿಸ್ಕುಗಳು, ಮೂರು ಚಿತ್ರಗಳು, 249.95 ಡಾಲರ್. ಮಗ್ಗುಲಿಗೆ ಅರ್ಧ ಗಂಟೆ ಮಾತ್ರ ಹಿಡಿಸುವ ಬಗೆಯ ತಟ್ಟೆಗಳಾದ್ದರಿಂದ ಸಿನಿಮಾ ನೋಡುವಾಗ ಪದೇ ಪದೇ ಎದ್ದು ಹೋಗಿ ಮಗುಚಬೇಕು, ದೋಸೆಯಂತೆ. ಆದರೆ ಅದಕ್ಕೆ ಪ್ರತಿಫಲವಿತ್ತು: ಬೇಕೆಂದಲ್ಲಿ ಒಂದೊಂದೇ ಚೌಕಟ್ಟನ್ನು ನಿಶ್ಚಲವಾಗಿ ನಿಲ್ಲಿಸಿ ನೋಡಬಹುದಿತ್ತು, ಮತ್ತು ಬದಿ ಕತ್ತರಿಸದ ಪೂರ್ಣ ಅಗಲದ ಚಿತ್ರವಿತ್ತು. ಕೊಂಡವರಿಗೆ ಇದೇ ಕೊನೆಯ ಒಳ್ಳೆಯ ಪ್ರತಿಯಾಗಲಿದೆ ಎಂದು ಆಗ ಗೊತ್ತಿರಲಿಲ್ಲ. ಎರಡು ವರ್ಷಗಳ ನಂತರ, 1995ರಲ್ಲಿ, ಕ್ಯಾಸೆಟ್ ಪೆಟ್ಟಿಗೆಯ ಜಾಹೀರಾತು ಆ ಸೂಚನೆ ಕೊಟ್ಟಿತು: ಮೂಲ ರೂಪದಲ್ಲಿ ಕೊಳ್ಳಲು ಇದು ಕಡೆಯ ಅವಕಾಶ. ಜಾಹೀರಾತಿನ ಮಾತನ್ನು ಯಾರು ನಂಬುತ್ತಾರೆ? ಈ ಸಲ ಅದು ಹೆಚ್ಚುಕಡಿಮೆ ನಿಜವಾಯಿತು.

1997ರ ಜನವರಿ 31ರಂದು ‘ವಿಶೇಷ ಆವೃತ್ತಿ’ ಚಿತ್ರಮಂದಿರಗಳಿಗೆ ಬಂತು. ಲ್ಯೂಕಾಸ್ ಹಳೆಯ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಪ್ರಾಣಿಗಳನ್ನು, ಕಟ್ಟಡಗಳನ್ನು, ಹೊಸ ಹಾಡನ್ನು ಸೇರಿಸಿದ್ದ. ಇದಕ್ಕಾಗಿ ಮೂಲ ನೆಗೆಟಿವ್ವನ್ನೇ ಬಿಚ್ಚಿ, ತೊಳೆದು, ಹೊಸ ತುಣುಕುಗಳನ್ನು ಕೂಡಿಸಿ ಮತ್ತೆ ಜೋಡಿಸಿದರು. ಕೆಲಸ ಹಚ್ಚುವಾಗ ನೆಗೆಟಿವ್ ಬಣ್ಣಗೆಟ್ಟು ಸೊರಗಿತ್ತು ಎಂಬುದೂ ನಿಜ, ಜೀರ್ಣೋದ್ಧಾರವಿಲ್ಲದೆ ಗತಿಯಿರಲಿಲ್ಲ. ಆದರೆ ಜೀರ್ಣೋದ್ಧಾರಕ್ಕೆಂದು ಗುಡಿಯ ಬಾಗಿಲು ಮುಚ್ಚಿದವರು ತೆರೆದಾಗ ಒಳಗಿನ ಶಿಲ್ಪವೂ ಬದಲಾಗಿತ್ತು.

ಒಂದೇ ದೃಶ್ಯದ ಚರಿತ್ರೆ ಸಾಕು. ಹೆಂಡದಂಗಡಿಯಲ್ಲಿ ಕೂತ ಹ್ಯಾನ್ ಸೋಲೋ ಎಂಬ ಕಳ್ಳಸಾಗಣೆದಾರನನ್ನು ಹಿಡಿಯಲು ಗ್ರೀಡೋ ಎಂಬ ಬಾಡಿಗೆ ಬಂಟ ಬಂದಿದ್ದಾನೆ. 1977ರ ಪಾಠ: ಸೋಲೋ ಮೇಜಿನ ಕೆಳಗಿನಿಂದ ಗುಂಡು ಹಾರಿಸಿ ಅವನನ್ನು ಮುಗಿಸುತ್ತಾನೆ. 1997ರ ಪಾಠ: ಗ್ರೀಡೋ ಮೊದಲು ಹಾರಿಸುತ್ತಾನೆ, ಮೇಜಿನಾಚೆ ಕೂತವನಿಗೂ ಗುರಿ ತಪ್ಪುತ್ತಾನೆ, ಆಮೇಲೆ ಸೋಲೋ. 2004ರ ಡಿವಿಡಿ ಪಾಠ: ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ. 2019ರಲ್ಲಿ ಡಿಸ್ನಿಯ ವಾಹಿನಿಯಲ್ಲಿ ಬಂದ ಪಾಠದಲ್ಲಿ ಗ್ರೀಡೋ ಹಾರಿಸುವ ಮುನ್ನ ಹಿಂದೆಂದೂ ಇಲ್ಲದ ಒಂದು ಮಾತನ್ನೂ ಆಡುತ್ತಾನೆ. ಮೇಲ್ನೋಟಕ್ಕೆ ಕ್ಷುಲ್ಲಕ. ಆದರೆ ಮೊದಲ ಪಾಠದ ಸೋಲೋ ತನ್ನ ಜೀವಕ್ಕಾಗಿ ಹಿಂದುಮುಂದು ನೋಡದ ಸ್ವಾರ್ಥಿ. ಕೊನೆಗೆ ಗೆಳೆಯನಿಗಾಗಿ ಹಿಂತಿರುಗುವಾಗ ಅವನು ದಾಟಿದ ದೂರ ದೊಡ್ಡದು. ಎರಡನೆಯ ಪಾಠದವನು ಆರಂಭದಲ್ಲೇ ಸಭ್ಯ. ಹಾಗಿರುವಾಗ ಅವನ ಮನಪರಿವರ್ತನೆಗೆ ಅರ್ಥವೇನು? ಅಭಿಮಾನಿಗಳ ಕೋಪ ಗುಂಡಿನ ಲೆಕ್ಕದ ಬಗ್ಗೆ ಅಲ್ಲ.

2004ರ ಪೆಟ್ಟಿಗೆಯಲ್ಲಿ ಮೂರನೆಯ ಚಿತ್ರದ ಕೊನೆಗೆ ಕಾಣಿಸಿಕೊಳ್ಳುವ ಪ್ರೇತರೂಪದಿಂದ ವೃದ್ಧ ನಟ ಸೆಬಾಸ್ಟಿಯನ್ ಶಾ ಮಾಯವಾಗಿ, ಆ ಜಾಗದಲ್ಲಿ ಹೊಸ ಸರಣಿಯ ತರುಣ ಹೇಡನ್ ಕ್ರಿಸ್ಟೆನ್ಸನ್ ನಿಂತಿದ್ದ. ಶಾ ತೀರಿಕೊಂಡದ್ದು 1994ರಲ್ಲಿ; ಆಕ್ಷೇಪಿಸಲು ಅವರಿರಲಿಲ್ಲ. 2011ರ ಬ್ಲೂರೇ ಪೆಟ್ಟಿಗೆಯಲ್ಲಿ ಡಾರ್ತ್ ವೇಡರ್ ಮೌನವಾಗಿ ತನ್ನ ಒಡೆಯನನ್ನು ಎತ್ತಿ ಎಸೆಯುವ ದೃಶ್ಯಕ್ಕೆ ಒಂದು ಚೀತ್ಕಾರ ಸೇರಿತು.

ಕರ್ತೃವಿಗೆ ತನ್ನ ಕೃತಿಯನ್ನು ತಿದ್ದುವ ಹಕ್ಕಿಲ್ಲವೇ? ಖಂಡಿತ ಇದೆ. ಲ್ಯೂಕಾಸ್‌ನ ನಿಲುವೂ ಸರಳ: ಹಣ, ಸಮಯ, ತಂತ್ರ ಸಾಲದೆ ಅಂದು ಅರ್ಧಕ್ಕೆ ನಿಂತದ್ದನ್ನು ಈಗ ಪೂರ್ತಿಗೊಳಿಸಿದ್ದೇನೆ; ನನ್ನ ಪಾಲಿಗೆ ಹಳೆಯದು ಇಲ್ಲವೇ ಇಲ್ಲ. ಆದರೆ ಇದೇ ಲ್ಯೂಕಾಸ್ 1988ರ ಮಾರ್ಚಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಎದುರು ಸಾಕ್ಷ್ಯ ನುಡಿದಿದ್ದ. ಆಗ ಸ್ಟುಡಿಯೋಗಳು ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಬಳಿದು ಮಾರುತ್ತಿದ್ದವು. ಲಾಭಕ್ಕಾಗಿ ಕಲಾಕೃತಿಗಳನ್ನು ಮಾರ್ಪಡಿಸುವವರು ಅನಾಗರಿಕರು, ಚಿತ್ರಗಳು ದೇಶದ ಸಾಂಸ್ಕೃತಿಕ ಪರಂಪರೆ, ಅವನ್ನು ಹುಟ್ಟಿದಂತೆಯೇ ಮುಂದಿನ ಪೀಳಿಗೆಗೆ ಉಳಿಸಬೇಕು ಎಂಬುದು ಆತನ ವಾದ. ಅಲ್ಲಿ ಮಾರ್ಪಡಿಸಿದವರು ಹಕ್ಕು ಕೊಂಡವರು, ಇಲ್ಲಿ ಮಾಡಿದವನು ಕರ್ತೃವೇ ಎಂಬ ವ್ಯತ್ಯಾಸವನ್ನು ಒಪ್ಪಬೇಕು. ಅದೇ ಹೊತ್ತಿನ ಚರ್ಚೆಯಿಂದ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಪಟ್ಟಿಯ ಮೊದಲ ಇಪ್ಪತ್ತೈದು ಚಿತ್ರಗಳಲ್ಲಿ, 1989ರಲ್ಲಿ, ‘ಸ್ಟಾರ್ ವಾರ್ಸ್’ ಕೂಡ ಒಂದು. ವಿಶೇಷ ಆವೃತ್ತಿ ಬರಲು ಆಗ ಎಂಟು ವರ್ಷವಿತ್ತು. ದೇಶ ಕಾಪಾಡಬೇಕೆಂದು ಆರಿಸಿದ್ದು ಯಾವ ಪಾಠವನ್ನು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪಕ್ಕದ ಉದಾಹರಣೆಗಳು ಇನ್ನೊಂದು ದಾರಿ ತೋರಿಸುತ್ತವೆ. ಸ್ಟೀವನ್ ಸ್ಪಿಲ್‌ಬರ್ಗ್ 2002ರಲ್ಲಿ ತನ್ನ ‘ಇ.ಟಿ.’ ಚಿತ್ರದ ಪೊಲೀಸರ ಕೈಯ ಬಂದೂಕುಗಳನ್ನು ಅಳಿಸಿ ವಾಕಿಟಾಕಿ ಕೊಟ್ಟಿದ್ದ. ಆದರೆ ಡಿವಿಡಿ ಪೆಟ್ಟಿಗೆಯಲ್ಲಿ 1982ರ ರೂಪವನ್ನೂ ಇಟ್ಟ. ಮುಂದೆ, ತಿದ್ದಿದ್ದೇ ತಪ್ಪೆಂದು ಬಹಿರಂಗವಾಗಿ ಹೇಳಿದ. ‘ಬ್ಲೇಡ್ ರನ್ನರ್’ ಚಿತ್ರದ 2007ರ ಪೆಟ್ಟಿಗೆಯಂತೂ ಸಂಪಾದಕನ ಕನಸು: ಕರಡು ಪ್ರತಿಯಿಂದ ಹಿಡಿದು ನಿರ್ದೇಶಕ ರಿಡ್ಲೆ ಸ್ಕಾಟ್ ಕೊನೆಯದಾಗಿ ಒಪ್ಪಿದ ರೂಪದವರೆಗೆ ಐದು ಪಾಠಗಳು ಒಂದೇ ಕಡೆ. ತಿದ್ದುವುದಕ್ಕೂ ಹಳೆಯದನ್ನು ಬಚ್ಚಿಡುವುದಕ್ಕೂ ನಡುವಿನ ಅಂತರ ಇದು.

‘ಸ್ಟಾರ್ ವಾರ್ಸ್’ ಮೂಲ ರೂಪ ಡಿವಿಡಿಗೆ ಬಂತು, 2006ರ ಸೆಪ್ಟೆಂಬರಿನಲ್ಲಿ, ಹೊಸ ಆವೃತ್ತಿಯ ಜೊತೆಗಿನ ‘ಕೊಸರು’ ಎಂಬಂತೆ. ಪೆಟ್ಟಿಗೆ ತೆರೆದವರಿಗೆ ನಿರಾಸೆ ಕಾದಿತ್ತು. ಅದು 1993ರ ಲೇಸರ್ ಡಿಸ್ಕಿಗೆಂದು ಮಾಡಿದ್ದ ಹಳೆಯ ವಿಡಿಯೋ ಪ್ರತಿಯ ನಕಲು. ಹೊಸ ಅಗಲ ಪರದೆಯ ಟೀವಿಯ ನಡುವೆ ಅಂಚೆಚೀಟಿಯಂತೆ ಕಾಣುತ್ತಿತ್ತು. ಆ ವರ್ಷದ ಕೊನೆಗೆ ಅದರ ಮಾರಾಟವೂ ನಿಂತಿತು. ಮುಂದಿನ 2011ರ ಬ್ಲೂರೇ, 2020ರ ಇನ್ನೂ ಸ್ಪಷ್ಟವಾದ ತಟ್ಟೆ, ಎರಡರಲ್ಲೂ ಅದಕ್ಕೆ ಜಾಗವಿರಲಿಲ್ಲ.

ಆಮೇಲೆ ಕೈಹಾಕಿದವರು ಅಭಿಮಾನಿಗಳು. ಚೆಕ್ ದೇಶದ ಒಬ್ಬ ತರುಣ 2010ರ ನಂತರದ ವರ್ಷಗಳಲ್ಲಿ ಬ್ಲೂರೇ, ಹಳೆಯ ಡಿಸ್ಕು, ಫಿಲ್ಮ್ ತುಣುಕುಗಳನ್ನೆಲ್ಲ ಕೂಡಿಸಿ, ಸೇರ್ಪಡೆಗಳನ್ನು ಒಂದೊಂದಾಗಿ ಕಿತ್ತು, ಮೂಲಕ್ಕೆ ಹತ್ತಿರದ ಪ್ರತಿಯೊಂದನ್ನು ಕಟ್ಟಿದ. ಇನ್ನೊಂದು ಗುಂಪು 1977ರಲ್ಲಿ ಚಿತ್ರಮಂದಿರಗಳಲ್ಲಿ ಓಡಿದ ಫಿಲ್ಮ್ ಸುರುಳಿಯನ್ನೇ ಹುಡುಕಿ, ಚೌಕಟ್ಟಿಗೊಂದರಂತೆ ಸ್ಕ್ಯಾನ್ ಮಾಡಿ, ಗೀರು ಒರೆಸಿತು. ಕಾನೂನಿನ ಕಣ್ಣಿನಲ್ಲಿ ಇದು ಹಕ್ಕುಸ್ವಾಮ್ಯದ ಉಲ್ಲಂಘನೆ, ಅನುಮಾನವಿಲ್ಲ. ಇದರಲ್ಲಿ ತೊಡಗಿದವರೇ ಅಧಿಕೃತ ಪೆಟ್ಟಿಗೆಯನ್ನೂ ಕೊಳ್ಳಿರೆಂದು ಹೇಳುತ್ತಿದ್ದರು. ಆದರೆ ಅವರ ಕೆಲಸಕ್ಕೆ ಬೇಕಾದ ಪ್ರತಿಗಳು ಉಳಿದದ್ದು ಕೆಲವರು ಕಾಸು ಕೊಟ್ಟು ಕೊಂಡು, ಎಸೆಯದೆ ಇಟ್ಟುಕೊಂಡದ್ದರಿಂದ.

ಇಟ್ಟುಕೊಂಡದ್ದೂ ಶಾಶ್ವತವಲ್ಲ. ಟೇಪಿನ ಕಾಂತೀಯ ಲೇಪ ಉದುರುತ್ತದೆ. ಲೇಸರ್ ಡಿಸ್ಕಿನ ಎರಡು ಪದರಗಳ ನಡುವೆ ಗಾಳಿ ನುಸುಳಿದರೆ ಒಳಗಿನ ಅಲ್ಯೂಮಿನಿಯಂ ಕಿಲುಬು ಹಿಡಿದು ಚಿತ್ರದ ತುಂಬ ಚುಕ್ಕೆಗಳು ಮೂಡುತ್ತವೆ. ಲೇಸರ್ ಡಿಸ್ಕ್ ಯಂತ್ರಗಳ ತಯಾರಿಕೆಯನ್ನು ಪಯೊನೀರ್ 2009ರಲ್ಲಿ, ವಿಸಿಆರ್ ತಯಾರಿಕೆಯನ್ನು ಜಪಾನಿನ ಫುನಾಯ್ 2016ರಲ್ಲಿ ನಿಲ್ಲಿಸಿದವು. ಡಿವಿಡಿಗಳನ್ನು ಅಂಚೆಯಲ್ಲಿ ಕಳಿಸಿಯೇ ಬೆಳೆದ ನೆಟ್‌ಫ್ಲಿಕ್ಸ್ 2023ರಲ್ಲಿ ಆ ಕೆಲಸಕ್ಕೆ ತೆರೆ ಎಳೆಯಿತು. ಇಂದಿನ ವಾಹಿನಿಗಳಲ್ಲಿ ಚಿತ್ರ ನೋಡುಗನ ಮನೆಯಲ್ಲಿರುವುದಿಲ್ಲ. ರಾತ್ರೋರಾತ್ರಿ ಅದನ್ನು ತಿದ್ದಿದರೂ ತೆಗೆದರೂ ಹೋಲಿಸಿ ನೋಡಲು ಅವನ ಕೈಯಲ್ಲಿ ಪ್ರತಿಯಿಲ್ಲ. ಗ್ರೀಡೋನ ಹೊಸ ಮಾತು ಹೊಸದೆಂದು ಪತ್ತೆಯಾದದ್ದು ಹಳೆಯ ಪೆಟ್ಟಿಗೆಗಳಿದ್ದ ಮನೆಗಳಿಂದ.

1977ರಲ್ಲಿ ಬ್ರಿಟನ್ನಿನಲ್ಲಿ ಈ ಚಿತ್ರದ ಕೆಲವು ಪ್ರತಿಗಳನ್ನು ಟೆಕ್ನಿಕಲರ್ ವಿಧಾನದಲ್ಲಿ, ಬಟ್ಟೆಗೆ ಅಚ್ಚು ಹಾಕುವಂತೆ ಒಂದೊಂದೇ ಬಣ್ಣವನ್ನು ಒತ್ತಿ ತಯಾರಿಸಿದ್ದರು. ಮಾಮೂಲಿ ಪ್ರತಿಗಳು ಕಾಲಕ್ರಮದಲ್ಲಿ ಕೆಂಪಡರಿ ಹಾಳಾದರೂ ಈ ಬಗೆಯವು ಬಣ್ಣ ಬಿಡುವುದಿಲ್ಲ. ಅಂಥದೊಂದು ಪ್ರತಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಶೀತಲ ಉಗ್ರಾಣದಲ್ಲಿ ದಶಕಗಳ ಕಾಲ ಮಲಗಿತ್ತು. 2025ರ ಜೂನ್ 12ರಂದು ಲಂಡನ್ನಿನಲ್ಲಿ, ಆ ಸಂಸ್ಥೆಯ ಫಿಲ್ಮ್ ಉತ್ಸವದ ಮೊದಲ ದಿನ, ಹಕ್ಕುದಾರರ ಒಪ್ಪಿಗೆಯೊಂದಿಗೆ ಅದನ್ನು ಪ್ರೊಜೆಕ್ಟರಿಗೆ ಏರಿಸಿದರು. ಪರದೆಯ ಮೇಲೆ ಚಿತ್ರದ ಹೆಸರು ಬಂತು, ಹಿಂದೆ ಸರಿಯಿತು, ಪೀಠಿಕೆಯ ಹಳದಿ ಅಕ್ಷರಗಳು ಮೇಲೇರತೊಡಗಿದವು. ಅವುಗಳ ನೆತ್ತಿಯಲ್ಲಿ ‘ನಾಲ್ಕನೆಯ ಅಧ್ಯಾಯ’ ಎಂಬ ಸಾಲು ಇರಲಿಲ್ಲ.