ಹುನ್ನೂರಿನ ಬಿಸಿಲಿಗೆ ಕೂಲಿಂಗ್ ಪೇಪರ್: ಹಾಕಿಸಿದ ಮೇಲಿನ ಮೊದಲ ತಿಂಗಳು

ಜಮಖಂಡಿ ತಾಲ್ಲೂಕಿನ ಹುನ್ನೂರ ಹಾಗೂ ಸುತ್ತಲಿನ ಮುಧೋಳ, ಬನಹಟ್ಟಿ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಯಲಲ್ಲಿ ನಿಂತ ಕಾರಿನ ಸ್ಟೇರಿಂಗ್ ಮುಟ್ಟಲಾಗುವುದಿಲ್ಲ. ಆಗ ನೆನಪಾಗುವುದೇ ಕೂಲಿಂಗ್ ಪೇಪರ್, ಅಂದರೆ ಸನ್ ಫಿಲ್ಮ್. ಅದನ್ನು ಹಾಕಿಸುವಾಗ ತೋರುವ ಮುತುವರ್ಜಿ ಹಾಕಿಸಿದ ಮೇಲೆ ಉಳಿಯುವುದಿಲ್ಲ. ಎಷ್ಟೋ ಫಿಲ್ಮುಗಳು ಕೆಡುವುದು ಮೊದಲ ವಾರದ ಅವಸರದಲ್ಲೇ.

ಕಪ್ಪಗಿದ್ದರೆ ತಂಪಲ್ಲ

ಫಿಲ್ಮ್ ಎಂದರೆ ತೆಳುವಾದ ಪಾಲಿಯೆಸ್ಟರ್ ಹಾಳೆ. ಒಂದು ಮೈಗೆ ಅಂಟು, ಇನ್ನೊಂದಕ್ಕೆ ಗೀರು ತಡೆಯುವ ಲೇಪ. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಬಣ್ಣ ಹಾಕಿದ ಅಗ್ಗದ ಫಿಲ್ಮ್ ಬೆಳಕನ್ನು ತಗ್ಗಿಸಿದಷ್ಟು ಶಾಖವನ್ನು ತಗ್ಗಿಸುವುದಿಲ್ಲ. ಹೆಚ್ಚುಕಡಿಮೆ ತಿಳಿಯಾಗಿಯೇ ಕಾಣುವ ಸೆರಾಮಿಕ್ ಫಿಲ್ಮ್ ಆ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆ. ಲೋಹದ ಲೇಪವಿರುವ ಫಿಲ್ಮ್ ಮುಂಗಾಜಿನ ಫಾಸ್ಟ್ಯಾಗ್‌ಗೂ ಮೊಬೈಲ್ ಸಿಗ್ನಲ್‌ಗೂ ಅಡ್ಡಿ ಮಾಡಬಲ್ಲದು.

ಕಾನೂನಿನ ಲೆಕ್ಕ

ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜುಗಳಲ್ಲಿ ಶೇ 50 ಬೆಳಕು ಹಾಯಬೇಕು. ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. 2021ರಲ್ಲಿ ಜಾರಿಗೆ ಬಂದ ತಿದ್ದುಪಡಿ ‘ಸೇಫ್ಟಿ ಗ್ಲೇಜಿಂಗ್’ಗೆ, ಅಂದರೆ ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜಿಗೂ, ಜಾಗ ಕೊಟ್ಟಿತು. ಅದನ್ನು ಆಧರಿಸಿ ಮಿತಿಯೊಳಗಿನ ಫಿಲ್ಮ್ ತಪ್ಪಲ್ಲವೆಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದರೂ ಅದು ಬೇರೆ ರಾಜ್ಯದ ಹೈಕೋರ್ಟಿನ ಮಾತು. ನಮ್ಮ ರಸ್ತೆಯಲ್ಲಿ ಪೊಲೀಸರು 2012ರ ತೀರ್ಪನ್ನು ಮುಂದಿಟ್ಟು ಫಿಲ್ಮ್ ಕೀಳಿಸಿದರೆ ಅಚ್ಚರಿಯಿಲ್ಲ.

ಇನ್ನೊಂದು ಲೆಕ್ಕ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಂಪನಿಯಿಂದ ಬಂದ ಗಾಜೇ ಶೇ 75 ಬೆಳಕು ಬಿಡುವಂಥದ್ದಾದರೆ, ಅದರ ಮೇಲೆ ಶೇ 70ರ ಫಿಲ್ಮ್ ಕೂತಾಗ ಒಟ್ಟು ಉಳಿಯುವುದು ಸುಮಾರು ಶೇ 52. ಪಕ್ಕದ ಗಾಜಿಗೆ ಇದು ಅಂಚಿನಲ್ಲಿ ಪಾಸು, ಮುಂಗಾಜಿಗೆ ಫೇಲು. ಎರಡೂ ಸೇರಿದ ಅಳತೆಯನ್ನೇ ಕೇಳಬೇಕು.

ನೀರು ಆರುವ ತನಕ

ಫಿಲ್ಮನ್ನು ಒಣ ಗಾಜಿಗೆ ಅಂಟಿಸುವುದಿಲ್ಲ. ಸೋಪು ಬೆರೆಸಿದ ನೀರು ಚಿಮುಕಿಸಿ, ಹಾಳೆಯನ್ನು ಜಾರಿಸಿ ಕೂರಿಸಿ, ಪಟ್ಟಿಯಿಂದ ನೀರನ್ನು ಅಂಚಿಗೆ ತಳ್ಳುತ್ತಾರೆ. ಎಷ್ಟು ತಳ್ಳಿದರೂ ಒಂದಿಷ್ಟು ತೇವ ಒಳಗೆ ಉಳಿಯುತ್ತದೆ. ಅದು ಹಾಳೆಯ ಮೂಲಕವೇ ನಿಧಾನವಾಗಿ ಆವಿಯಾಗಿ ಹೋಗಬೇಕು. ಆ ತನಕ ಅಂಟು ಪೂರ್ತಿ ಕಚ್ಚಿರುವುದಿಲ್ಲ.

ಆದ್ದರಿಂದ ಮೂರ್ನಾಲ್ಕು ದಿನ ಗಾಜು ಇಳಿಸಬಾರದು. ಇಳಿಸಿದರೆ ಬಾಗಿಲಿನ ರಬ್ಬರ್ ಅಂಚನ್ನು ಹಿಡಿದು ಎಳೆಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಪವರ್ ವಿಂಡೋ ಲಾಕ್ ಮಾಡಿಡುವುದು ಒಳ್ಳೆಯದು. ಈ ಅವಧಿಯಲ್ಲಿ ಮಂಜು ಕವಿದಂತೆ ಮಬ್ಬು, ಸಣ್ಣ ನೀರಗುಳ್ಳೆ ಕಂಡರೆ ಗಾಬರಿ ಬೇಡ. ಬೆರಳಿಂದ ಒತ್ತುವುದು, ಸೂಜಿಯಿಂದ ಚುಚ್ಚುವುದು ಮಾತ್ರ ಬೇಡವೇ ಬೇಡ. ಹಿಂದಿನ ಗಾಜಿನ ಡೀಫಾಗರನ್ನೂ ಆರುವ ತನಕ ಹಾಕಬಾರದು.

ಎಷ್ಟು ದಿನ ಎಂಬುದನ್ನು ಋತು ಹೇಳುತ್ತದೆ. ಯುಗಾದಿಗೆ ಹಾಕಿಸಿದ್ದು ಬಿಸಿಲಿಗೆ ಬೇಗ ಆರುತ್ತದೆ. ಈ ಭಾಗದಲ್ಲಿ ಮಳೆ ಜೋರಾಗಿರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರೆಯ ಖಂಡೇ ಪೂಜೆಗೆಂದು ಹೊಸ ಕಾರು ತಂದು ಆಗಲೇ ಫಿಲ್ಮ್ ಹಾಕಿಸಿದವರು ತಿಂಗಳವರೆಗೂ ಕಾಯಬೇಕಾದೀತು. ಅವರು ಹಗಲಲ್ಲಿ ಕಾರನ್ನು ಶೆಡ್ಡಿನಿಂದ ಹೊರಗೆ ನಿಲ್ಲಿಸಲಿ.

ಒರೆಸುವ ಬಟ್ಟೆ, ಒರೆಸುವ ನೀರು

ಫಿಲ್ಮ್ ಇರುವುದು ಗಾಜಿನ ಒಳಮೈಗೆ. ಹೊರಗಡೆ ತೊಳೆಯಲು ಅಡ್ಡಿಯಿಲ್ಲ, ಒಳಗೆ ತಿಂಗಳ ತನಕ ಒರೆಸದಿರುವುದೇ ಕ್ಷೇಮ. ಆಮೇಲೂ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬಳಸಬಾರದು. ಅದು ಬಣ್ಣವನ್ನೂ ಅಂಟನ್ನೂ ತಿನ್ನುತ್ತದೆ. ಹಳೆ ಪೇಪರು, ಒರಟು ಬಟ್ಟೆ ಗೀರು ಹಾಕುತ್ತವೆ. ಮೆದುವಾದ ಮೈಕ್ರೋಫೈಬರ್ ಬಟ್ಟೆ, ಒಂದೆರಡು ಹನಿ ಶಾಂಪೂ ಹಾಕಿದ ನೀರು ಸಾಕು. ನೀರಿನ ವಿಷಯದಲ್ಲಿ ನಮ್ಮ ಭಾಗದವರು ಎಚ್ಚರವಹಿಸಬೇಕು. ಸವುಳು ಬೋರ್‌ವೆಲ್ ನೀರು ಆರಿದಲ್ಲೆಲ್ಲ ಬಿಳಿ ಕಲೆ ಬಿಡುತ್ತದೆ, ಆ ಕಲೆ ತೆಗೆಯಲು ಉಜ್ಜಿದಷ್ಟೂ ಫಿಲ್ಮ್ ಸವೆಯುತ್ತದೆ. ಊರಿನ ಶುದ್ಧ ನೀರಿನ ಘಟಕದ ಒಂದು ತಂಬಿಗೆ ನೀರು ಇಡೀ ಕಾರಿನ ಒಳಗಾಜಿಗೆ ಸಾಲುತ್ತದೆ.

ಕಬ್ಬಿನ ಹಂಗಾಮು

ಕಬ್ಬು ನುರಿಸುವ ಹಂಗಾಮು ಶುರುವಾದರೆ ಸಮೀರವಾಡಿ, ಹಿರೇಪಡಸಲಗಿ ಕಡೆಯ ರಸ್ತೆಗಳಲ್ಲಿ ಡಬಲ್ ಟ್ರೇಲರ್ ಟ್ರ್ಯಾಕ್ಟರುಗಳ ಸಾಲು. ಅವು ಎಬ್ಬಿಸುವ ಧೂಳು, ಅಲ್ಲಿನ ಸಕ್ಕರೆ ಕಾರ್ಖಾನೆಗಳ ಚಿಮಣಿಯ ಬೂದಿ ಗಾಜಿನ ರಬ್ಬರ್ ಸಂದಿಯಲ್ಲಿ ಕೂರುತ್ತವೆ. ಗಾಜು ಏರಿಳಿದಾಗಲೆಲ್ಲ ಆ ಕಣಗಳು ಫಿಲ್ಮಿನ ಮೇಲೆ ಉದ್ದುದ್ದ ಗೆರೆ ಎಳೆಯುತ್ತವೆ. ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಆ ಸಂದಿ ಗುಡಿಸಿದರೆ ಫಿಲ್ಮಿನ ಆಯುಸ್ಸು ಹೆಚ್ಚುತ್ತದೆ. ಸ್ಟಿಕರು, ಸಕ್ಷನ್ ಕಪ್ಪಿನ ಪರದೆ, ಮೊಬೈಲ್ ಸ್ಟ್ಯಾಂಡ್ ಯಾವುದನ್ನೂ ಫಿಲ್ಮಿಗೆ ಅಂಟಿಸಬೇಡಿ.

ಅಂಗಡಿಗೆ ಮರಳಬೇಕಾದಾಗ

ತಿಂಗಳಾದರೂ ಹೋಗದ ಗುಳ್ಳೆ, ಒಳಗೆ ಸಿಕ್ಕ ಕಸದ ಚುಕ್ಕೆ, ಮೇಲೆದ್ದ ಅಂಚು ತಾವಾಗಿ ಸರಿಹೋಗುವುದಿಲ್ಲ. ಬಿಲ್ಲು, ವಾರಂಟಿ ಕಾರ್ಡು ಜೋಪಾನವಾಗಿಡಿ. ವರ್ಷಗಳ ಮೇಲೆ ಫಿಲ್ಮ್ ನೇರಳೆ ಬಣ್ಣಕ್ಕೆ ತಿರುಗಿದರೆ ಅದರ ಬಣ್ಣ ಬಿಸಿಲಿಗೆ ಸತ್ತಿದೆ ಎಂದರ್ಥ, ತೆಗೆಸಬೇಕು. ಹಿಂದಿನ ಗಾಜಿನದನ್ನು ಬ್ಲೇಡಿನಿಂದ ಕೆರೆಯಲು ಬಿಡಬೇಡಿ. ಡೀಫಾಗರಿನ ತೆಳು ಗೆರೆಗಳು ಕಿತ್ತುಹೋಗುತ್ತವೆ. ಹಬೆ ಹಾಯಿಸಿ ಅಂಟು ಸಡಿಲಿಸಿ ನಿಧಾನ ಸುಲಿಯುವವರ ಬಳಿಯೇ ಹೋಗಿ.