ಶಿಶುವಿನಹಾಳದಿಂದ ಹೊರಟ ಗುಡುಗುಡಿ

ಸವಣೂರಿನ ನೆರೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಜನಿಸಿ 1889ರಲ್ಲಿ ದೇಹವಿಟ್ಟ ಶರೀಫ ಸಾಹೇಬರು, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ವರಿಸಿ ಕಟ್ಟಿದ ತತ್ತ್ವಪದಗಳು, ಏಕತಾರಿ ದಮ್ಮಡಿಗಳ ನಾದದೊಡನೆ, ಭಜನೆಯವರ ಕಂಠದಿಂದ ಕಂಠಕ್ಕೆ ಸಾಗಿಬಂದವು. 1990ರ ನಾಗಾಭರಣರ ಚಲನಚಿತ್ರದಲ್ಲಿ ಸಿ. ಅಶ್ವಥ್ ಅವಕ್ಕೆ ಹೊಸ ಕಂಠವನ್ನಿತ್ತರು.

ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ, ಭರತನಾಟ್ಯವನ್ನೂ ಅಭ್ಯಸಿಸಿದ ರಘು ದೀಕ್ಷಿತರು ಕಟ್ಟಿದ ಸ್ವತಂತ್ರ ರಾಕ್ ತಂಡವು, ಸಂಗೀತ ಸಂಸ್ಥೆಗಳ ನಿರಾಕರಣೆಯನ್ನು ವರ್ಷಗಟ್ಟಲೆ ಸಹಿಸಿ, ಕಡೆಗೆ ವಿಶಾಲ್-ಶೇಖರ್ ಜೋಡಿಯು ಕೈಹಿಡಿಯಲಾಗಿ, 2008ರಲ್ಲಿ 'ಅಂತರಾಗ್ನಿ' ಎಂಬ ತನ್ನ ಮೊದಲ ಆಲ್ಬಮ್ಮನ್ನು ಹೊರತಂದಾಗ, ಅದರೊಳಗೆ ಶರೀಫರ ಗುಡುಗುಡಿಯ ಪದವೂ ಇದ್ದಿತು. ಊರ ಕಟ್ಟೆಯ ಮೇಲೆ ಮುದುಕರು ಸೇದುವ ಆ ಹುಕ್ಕವನ್ನೇ ಭವರೋಗದ ಔಷಧವನ್ನಾಗಿ ಮಾಡಿದ ಶರೀಫರ ಪ್ರತಿಭೆಗೆ ಗಿಟಾರಿನ ಶ್ರುತಿ ಅಪಚಾರವೆಸಗಲಿಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುವ ಗಾಯಕನಲ್ಲಿ ನಮ್ಮ ಜಾತ್ರೆಯ ಕಲಾವಿದನ ಬಂಧುತ್ವವೇ ಕಾಣುತ್ತದೆ. 2010ರಲ್ಲಿ ಆ ತಂಡವು ಇಂಗ್ಲೆಂಡಿನ ಬಿಬಿಸಿ ದೂರದರ್ಶನದಲ್ಲಿ ಹಾಡಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯನ್ನು ಪಡೆಯಿತು. 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲಿಯೂ ಶರೀಫರು ಮರಳಿ ಬಂದರು.

ಆ ಹಾಡುಗಳನ್ನು ಮೆಚ್ಚಿದ ತರುಣರೆಲ್ಲರೂ, ಹಿಂದೂ ಮುಸಲ್ಮಾನರಿಬ್ಬರೂ ತಲೆಬಾಗುವ ಶಿಶುವಿನಹಾಳದ ಗದ್ದುಗೆಗೆ ಒಮ್ಮೆಯಾದರೂ ಬರಬೇಕು.